ಜೀಪಿನ ಅಸಲಿ ಚಕ್ರ

ಐದೂ ಟೈರಿನ ಗಾಳಿ ಹೋಗಿತ್ತು. ನೆಲದ ಮೇಲಿನ ನಾಲ್ಕು ಚಪ್ಪಟೆಯಾಗಿ ಕೂತಿದ್ದವು. ಜೀಪಿನ ಹಿಂದೆ ಬಿಗಿದಿದ್ದ ಸ್ಟೆಪ್ನಿಯನ್ನೂ ಬಿಟ್ಟಿರಲಿಲ್ಲ. ಹೆಬ್ಬೆರಳಿನಿಂದ ಅದನ್ನು ಒತ್ತಿ ನೋಡಿದ ಚಿಕ್ಕಮಲ್ಲಪ್ಪನವರಿಗೆ ಮೈಯೆಲ್ಲ ಉರಿದುಹೋಯಿತು. ಮುಳ್ಳು ಚುಚ್ಚಿದರೆ ಒಂದು ಹೋದೀತು. ಐದೂ ಹೋಗಬೇಕಾದರೆ ಅದು ಮನೆಯವರದೇ ಕೆಲಸ.

“ಮಲ್ಲಾಜೀ! ನಿನ್ನ ಸೊಸೇನ ಆಚೆಗೆ ಕರಿ!”

ಹೆಂಡತಿ ಮಲ್ಲಾಜಮ್ಮ ಅಂಗಳಕ್ಕೆ ಬಂದರು. ಸೊಸೆ ಚಂದ್ರಮತಿ ಬಾಗಿಲ ಮರೆಯಲ್ಲೇ ನಿಂತಳು. ಸೆರಗಿನಲ್ಲಿ ಅಡಗಿಸಿಕೊಂಡರೂ ಅವಳ ಬೆರಳಿಗೆ ಮೆತ್ತಿದ್ದ ಕಪ್ಪು ಕಾಣುತ್ತಿತ್ತು.

“ಗಾಳಿ ತೆಗ್ದೋರು ಯಾರು ಅಂತ ಕೇಳು.”

ಆ ಮನೆಯಲ್ಲಿ ಸೊಸೆ ಮಾವನ ಎದುರು ಮಾತಾಡುವ ಪದ್ಧತಿ ಇರಲಿಲ್ಲ. ಅತ್ತೆಯ ಕಿವಿಗೆ ಹೇಳಬೇಕು, ಅತ್ತೆ ಮಾವನಿಗೆ ಮುಟ್ಟಿಸಬೇಕು. ಮಲ್ಲಾಜಮ್ಮ ಕಿವಿಗೊಟ್ಟು ಕೇಳಿ, ಗಂಡನ ಮುಖ ನೋಡದೆ ಹೇಳಿದರು. “ನಾನೇ ಅಂತಾವ್ಳೆ.”

“ಎಷ್ಟು ಪೊಗರು ನೋಡು! ಅಪ್ಪನ ಕಳ್ಳತನ ಮುಚ್ಚಾಕೆ ಮಗ್ಳು ಟೊಂಕ ಕಟ್ಟವ್ಳೆ.”

ಜೀಪು ಮದುವೆಯಲ್ಲಿ ಬಂದದ್ದು. ಬೀಗರಾದ ಶಿವರುದ್ರಸ್ವಾಮಿ ಚಾಮರಾಜನಗರದಲ್ಲಿ ಮಿಲಿಟರಿ ಹರಾಜಿನ ಸಾಮಾನಿನ ವ್ಯಾಪಾರಿ. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಜೀಪೊಂದನ್ನು ಸರಿಮಾಡಿಸಿ ಅಳಿಯನಿಗೆ ಕೊಟ್ಟಿದ್ದರು. ಬೇಗೂರಿನಲ್ಲಿ ಅದು ಬಂದು ನಿಂತ ದಿನ ಚಿಕ್ಕಮಲ್ಲಪ್ಪನವರ ಕಾಲು ನೆಲದ ಮೇಲಿರಲಿಲ್ಲ. ಆ ಸಂತೋಷಕ್ಕೆ ಕಲ್ಲು ಹಾಕಿದವನು ಲಿಂಗಯ್ಯ, ಮರದ ವ್ಯಾಪಾರಿ. ಮೊನ್ನೆ ಗುಂಡ್ಲುಪೇಟೆಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೆಣಕಿದ್ದ.

“ಚಕ್ರ ನಕ್ಲಿ ಇದ್ದಂಗದೆ ಕಣಪ್ಪ. ಮಿಲಿಟರಿ ಅಸ್ಲಿ ಚಕ್ರ ಅಂದ್ರೆ ಎರಡು ಹೋಳು. ಅಂಚಿನ ಸುತ್ತ ಇರೋ ನಟ್ಟು ಬಿಚ್ಚಿದ್ರೆ ಬೇರೆ ಆಯ್ತವೆ, ಒಳಗೆ ಮುದ್ರೆ ಇರ್ತದೆ. ನಕ್ಲೀದು ಒಂದೇ ತಟ್ಟೆ, ನಟ್ಟು ಬರೀ ತೋರಿಕೇಗೆ.”

ಹೋಟೆಲಿನವರೆಲ್ಲ ನಕ್ಕಿದ್ದರು. ಆ ನಗುವನ್ನು ಚಿಕ್ಕಮಲ್ಲಪ್ಪ ಮನೆಯವರೆಗೂ ಹೊತ್ತು ತಂದರು. ಹೆಣ್ಣು ನೋಡಲು ಹೋದಾಗಲೇ ಅವರು ಬೀಗರ ಕೈ ಎಷ್ಟು ಬಿಗಿ ಎಂದು ಅಳೆದಿದ್ದರು. ಬೀಗರ ವ್ಯಾಪಾರದ ಶೆಡ್ಡಿನ ತಗಡಿನ ಸೂರಿನಲ್ಲಿ ಮೊರದಗಲದ ತೂತು, ಅದರಿಂದ ಬಿಸಿಲು ಧಾರಾಳವಾಗಿ ಒಳಗೆ ಬೀಳುತ್ತಿತ್ತು. ಮದುವೆಗೆ ಬಣ್ಣ ಹೊಡೆಸಿದರೂ ಆ ತೂತು ಮುಚ್ಚಿಸಲಿಲ್ಲ. ಬೀಗರಿಗಿದ್ದ ಒಬ್ಬನೇ ಮಗ ಮಾದೇವ ಅದಕ್ಕೂ ಮುಂಚೆ ತೀರಿಕೊಂಡಿದ್ದ, ಇನ್ನು ಯಾರಿಗೆ ಉಳಿಸುವುದು? ಒಂದು ತಗಡಿಗೆ ಲೆಕ್ಕ ಹಾಕುವ ಜಿಪುಣ ಅಸಲಿ ಚಕ್ರ ಕೊಟ್ಟಾನೆಯೇ?

ಬೀಗರಿಗೆ ಬರಹೇಳಿ ಕಳಿಸಿ, ನಿನ್ನೆ ಸಂಜೆ ತೀರ್ಪನ್ನೂ ಕೊಟ್ಟುಬಿಟ್ಟಿದ್ದರು. “ಅವನ ಎದುರಿಗೇ ಬಿಚ್ತೀನಿ. ನಕ್ಲಿಯಾಗಿದ್ರೆ ಅವನು ಬಂದ ಬಸ್ಸಿಗೇ ಇವಳೂ ಹತ್ತಲಿ. ಮತ್ತೆ ಈ ಹೊಸಲು ತುಳಿಯಂಗಿಲ್ಲ.” ಚಂದ್ರಮತಿಯ ಗಂಡ ಮೈಸೂರಿಗೆ ಹೋಗಿದ್ದ. ಅಡ್ಡ ಬರುವವರು ಯಾರೂ ಇರಲಿಲ್ಲ.

ಬಾಗಿಲ ಮರೆಯಿಂದ ಚಂದ್ರಮತಿಯ ದನಿ ಕೇಳಿತ್ತು. “ಅತ್ತೆಮ್ಮ, ಆ ಸುತ್ತಿನ ನಟ್ಟು ಮುಟ್ಬ್ಯಾಡಿ ಅನ್ನಿ. ಮೊದ್ಲು...”

“ಮೊದ್ಲು ಅವರಪ್ಪ ಬಂದು ಚಕ್ರ ಬದ್ಲಾಯಿಸ್ಬೇಕಂತಾ? ಬಾಯಿ ಮುಚ್ಕಂಡು ಒಳಕ್ಕೋಗು ಅನ್ನು!”

ಅವಳು ಒಳಕ್ಕೆ ಹೋಗಿದ್ದಳು. ಬೆಳಗಾಗುವುದರೊಳಗೆ ಈ ಕೆಲಸ ಮಾಡಿದ್ದಳು.

ಗಾಳಿ ಹೋದರೇನು, ಚಕ್ರ ಎಲ್ಲಿಗೂ ಓಡಿಹೋಗಿರಲಿಲ್ಲ. ಚಿಕ್ಕಮಲ್ಲಪ್ಪ ಸ್ಟೆಪ್ನಿಯನ್ನು ಇಳಿಸಿ ಅಂಗಳದಲ್ಲಿ ಮಲಗಿಸಿದರು. ಬಸ್ಸಿನ ಹಾರ್ನ್ ಕೇಳಿದ್ದೇ ಪಂಚೆ ಎತ್ತಿಕಟ್ಟಿ, ಚಕ್ರದ ಮೇಲೆ ಬಗ್ಗಿ ಕೂತು ಸ್ಪಾನರ್ ಹಾಕಿದರು. ಬೀಗನ ಕಣ್ಣೆದುರೇ ಮಾನ ಹರಾಜಾಗಬೇಕು.

ನಟ್ಟುಗಳು ಒಂದೊಂದಾಗಿ ಬಿಚ್ಚಿಕೊಂಡವು. ಬೀದಿಯ ತಿರುವಿನಲ್ಲಿ ಶಿವರುದ್ರಸ್ವಾಮಿ ಕಾಣಿಸಿಕೊಂಡರು. ಚಕ್ರದ ಮೇಲೆ ಬಗ್ಗಿದ್ದ ತಲೆ ನೋಡಿದ್ದೇ ತಡ, ಆ ವಯಸ್ಸಾದ ಮನುಷ್ಯ ಓಡತೊಡಗಿದರು. ಹೆಗಲ ವಲ್ಲಿ ಬಿದ್ದದ್ದೂ ಗೊತ್ತಾಗಲಿಲ್ಲ.

“ಬೀಗ್ರೇ! ಕೈ ತೆಗೀರಿ! ದಮ್ಮಯ್ಯ ಅಂತೀನಿ, ಬುಡಿ ಅದ!”

“ನೋಡ್ದಾ ಮಲ್ಲಾಜಿ, ಕುಂಬಳಕಾಯಿ ಕಳ್ಳ ಹೆಂಗೆ ಹೆಗಲು ಮುಟ್ಕತಾವ್ನೆ!” ಎಂದು ಚಿಕ್ಕಮಲ್ಲಪ್ಪ ಹಲ್ಲು ಕಚ್ಚಿ ಕೊನೆಯ ನಟ್ಟನ್ನೂ ತಿರುಗಿಸಿದರು.

ಶಿವರುದ್ರಸ್ವಾಮಿ ನಿಂತಲ್ಲೇ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ನಟ್ಟು ಮಣ್ಣಿಗೆ ಬಿತ್ತು. ಹಾರೆಯ ತುದಿ ಹಾಕಿ ಮೀಟಿದರೆ ಚಕ್ರ ಅವರೆಕಾಯಿಯ ಸಿಪ್ಪೆಯಂತೆ ಮೆಲ್ಲಗೆ ಎರಡು ಹೋಳಾಯಿತು. ಒಳಮೈಯ ತುಕ್ಕು ಒರೆಸಿದಾಗ ಉಕ್ಕಿನಲ್ಲಿ ಒತ್ತಿದ್ದ ಮುದ್ರೆ ಸ್ಪಷ್ಟವಾಗಿ ಕಂಡಿತು. ಅಸಲಿ.

ಚಿಕ್ಕಮಲ್ಲಪ್ಪನವರ ಮುಖ ಸಣ್ಣದಾಯಿತು. ಆದರೆ ಸೋಲೊಪ್ಪುವ ಜಾಯಮಾನ ಅವರದಲ್ಲ.

“ಮುದ್ರೆ ಅದೆ, ಸರಿ. ಅಸ್ಲೀನೇ ಆಗಿದ್ಮೇಲೆ ನಿಮ್ಮ ಮಗ್ಳು ಯಾಕೆ ಕಳ್ಳಿ ಹಂಗೆ ಬಂದು ಐದಕ್ಕೂ ಗಾಳಿ ತೆಗುದ್ಲು? ಕೇಳಿ ಅವಳ್ನ!”

ಶಿವರುದ್ರಸ್ವಾಮಿ ಮುಖದ ಮೇಲಿನ ಕೈ ತೆಗೆದರು. ಬಂದು ಕುಕ್ಕರುಗಾಲಿನಲ್ಲಿ ಕೂತು, ಮುದ್ರೆಯ ಕಡೆ ನೋಡದೆ, ಸೊರಗಿ ಬಿದ್ದಿದ್ದ ಟೈರನ್ನು ಅಂಗೈಯಿಂದ ಒತ್ತಿ ನೋಡಿದರು. ಆಮೇಲೆ ಬಾಗಿಲ ಮರೆಯಲ್ಲಿದ್ದ ಮಗಳ ಕಪ್ಪು ಬೆರಳುಗಳನ್ನು ನೋಡಿದರು. ಅವರ ಕಣ್ಣು ತುಂಬಿಬಂತು.

“ಅಸ್ಲಿ ಆಗಿದ್ದಕ್ಕೇ ತೆಗ್ದವ್ಳೆ ಬೀಗ್ರೇ,” ಅಂದರು. “ನನ್ನ ಮಾದೇವ ಗಾಳಿ ಬುಡದೆ ಇಂಥದೇ ಚಕ್ರದ ನಟ್ಟು ಬಿಚ್ಚಿದ, ಸ್ಪಾನರ್ ಎತ್ಕೊಟ್ಟು ಪಕ್ಕದಲ್ಲೇ ನಿಂತಿದ್ಲು ಇವಳು. ನನ್ನ ಶೆಡ್ಡಿನ ಸೂರಲ್ಲಿ ನೀವು ನೋಡಿದ್ರಲ್ಲ, ಆ ತೂತು, ಇಂಥದೇ ಒಂದು ಹೋಳು ಒಳಗಿನ ಗಾಳಿಗೆ ಸಿಡ್ದು ಅವನ ತಲೆ ಒಡ್ಕಂಡು ಆಚೆಗೋದ ದಾರಿ.”