ಕಾಗದ ಓದುವ ಧನಮಾಯಾ

ಮಾರ್ಕೆಟ್ಟಿಗೆಂದು ಹೊರಟ ಪಕ್ಕದ ಮನೆಯ ಯಾಮಕುಮಾರಿ ಉಚಿತ ನೆರವು ಕೇಂದ್ರದ ಮೆಟ್ಟಿಲು ಹತ್ತಿದ್ದನ್ನು ಧನಮಾಯಾ ಎದುರು ಫುಟ್‌ಪಾತಿನಿಂದ ಕಣ್ಣಾರೆ ಕಂಡಳು.

ಹಾಂಗ್‌ಕಾಂಗಿನಲ್ಲಿ ತಾನಿದ್ದ ಹಳೇ ಕಟ್ಟಡದ ನೇಪಾಳಿಗಳ ಕಾಗದಗಳನ್ನೆಲ್ಲ ಹದಿನಾಲ್ಕು ವರ್ಷ ಓದಿ ಹೇಳಿದವಳು ಅವಳು. ಸರ್ಕಾರಿ ಮನೆಯ ಅರ್ಜಿ, ಶಾಲೆಯ ನೋಟೀಸು, ಆಸ್ಪತ್ರೆಯ ಚೀಟಿ, ಏನೇ ಬಂದರೂ ಜನ ಧನಮಾಯಾ ದಿದಿಯ ಬಾಗಿಲು ತಟ್ಟಬೇಕು. ಒಂದು ಕಾಸು ಮುಟ್ಟಿದವಳಲ್ಲ. ತಿಹಾರ್ ಹಬ್ಬಕ್ಕೆ ಯಾರ ಮನೆಯಲ್ಲೇ ಆಗಲಿ ಎಣ್ಣೆಯಲ್ಲಿ ಕರಿದ ಮೊದಲ ಸೆಲ್ ರೋಟಿ ಅವಳ ತಟ್ಟೆಗೆ ಬೀಳುತ್ತಿತ್ತು, ಅಷ್ಟು ಸಾಕಿತ್ತು. ಈ ಕೇಂದ್ರ ತೆರೆದು ವರ್ಷ ತುಂಬಿಲ್ಲ, ಆಗಲೇ ಅವಳನ್ನು ಕೇಳುವವರಿಲ್ಲ.

ರಸ್ತೆ ದಾಟಿ, ಮಂಡಿನೋವು ಲೆಕ್ಕಿಸದೆ ಮೇಲೆ ಹತ್ತಿದಳು.

“ಬನ್ನಿ ಆಂಟಿ, ಟೀ ತರ್ಲಾ?” ಎಂದಳು ಮೇಜಿನ ಹಿಂದಿದ್ದ ಹುಡುಗಿ.

“ಟೀ ಬೇಡ. ಯಾಮಕುಮಾರಿ ಎಲ್ಲಿ? ಅವಳಿಗೆ ಇಲ್ಲಿನ ಮಾತು ಬರಲ್ಲ. ನಾನು ಪಕ್ಕದಲ್ಲಿ ಕೂತು ಹೇಳಿಕೊಡ್ತೀನಿ.”

“ಒಳಗಿರೋ ಮೇಡಂ ನಮ್ಮೋರೇ ಆಂಟಿ, ನೇಪಾಳಿನೇ. ಬಂದೋರು ಒಪ್ಪದೆ ಇನ್ನೊಬ್ಬರನ್ನ ಬಿಡೋ ಹಾಗಿಲ್ಲ.”

“ನಿನ್ನೆ ಮೊನ್ನೆ ಕಣ್ಣು ಬಿಟ್ಟೋಳು, ನನಗೇ ಬಾಗಿಲು ಅಡ್ಡ ಹಾಕ್ತೀಯಾ?”

ಅಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆಯಿತು. ಯಾಮಕುಮಾರಿ ಅಂಗಿಯ ತೋಳು ಕೆಳಗೆ ಎಳೆದುಕೊಳ್ಳುತ್ತಾ ಹೊರಬಂದಳು. ಎಳೆದುಕೊಳ್ಳುವ ಮೊದಲೇ ಧನಮಾಯಾ ನೋಡಿಬಿಟ್ಟಿದ್ದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ನೀಲಿಗಟ್ಟಿದ ಕೈ. ಅಯ್ಯೋ ಎನ್ನುವುದಕ್ಕೂ ಮೊದಲು ಅವಳಿಗೆ ಅನ್ನಿಸಿದ್ದು, ಇದನ್ನು ಒಳಗಿರುವ ಆ ಹೆಂಗಸು ನನಗಿಂತ ಮುಂಚೆ ನೋಡಿದಳಲ್ಲ ಎಂದು. ಮರುಕ್ಷಣವೇ ತನ್ನ ಬಗ್ಗೆ ತನಗೇ ಅಸಹ್ಯವಾಯಿತು.

ಮೆಟ್ಟಿಲಲ್ಲಿ ಕೇಳಿದಳು, “ಗಂಡ ಹೊಡೀತಾನಾ?”

“ಹೂಂ.”

“ಎಷ್ಟು ದಿನದಿಂದ?”

“ಆರು ವರ್ಷ.”

“ನಿನಗೂ ನನಗೂ ನಡುವೆ ಇರೋದು ಒಂದೇ ಗೋಡೆ ಕಣೇ! ಇವರಿಗೆ ಹೇಳೋಕೆ ಬಾಯಿ ಬಂತು. ನಾನೇನು ಸತ್ತುಹೋಗಿದ್ನಾ?”

ಯಾಮಕುಮಾರಿ ಧನಮಾಯಾಳ ರಟ್ಟೆ ಹಿಡಿದು, ಒಂದೊಂದೇ ಮೆಟ್ಟಿಲು ಜೋಪಾನವಾಗಿ ಇಳಿಸಿದಳು. ಬೀದಿಗೆ ಬಂದ ಮೇಲೆ ಕೈ ಬಿಟ್ಟು, ಸಿಟ್ಟಿಲ್ಲದ ದನಿಯಲ್ಲಿ ಕೇಳಿದಳು:

“ನಮ್ಮ ಕಟ್ಟಡದ ಪವಿತ್ರಾಳ ಮಗಳು ಆಸ್ಪತ್ರೆಗೆ ಯಾಕೆ ಹೋಗಿದ್ಲು ಅಂತ ನಂಗೆ ಹೇಗೆ ಗೊತ್ತಾಯ್ತು ದಿದಿ? ಆ ಚೀಟಿ ಓದಿದ್ದು ನೀವೊಬ್ಬರೇ ಅಲ್ವಾ?”