ಹುಳುವಿನ ಮದ್ದು

"ಹಂಗಾದ್ರೆ ಮೊದಲು ನೀನೇ ಕುಡಿ, ಅಮ್ಮಣ್ಣಿ," ಎಂದ ಮುದುಕ ಸ್ತಮಾತಿಸ್.

ಕಾಫಿ ಅಂಗಡಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಥೆಕ್ಲಾ ಸೀಸೆಯಿಂದ ಬೆಳ್ಳನೆಯ ದ್ರವವನ್ನು ಗ್ಲಾಸಿಗೆ ಸುರಿದಳು. ಮಣ್ಣಿನ ಬ್ಯಾಕ್ಟೀರಿಯವೊಂದರ ಜೀನ್ ತಿದ್ದಿ, ಆಲಿವ್ ಮೊಗ್ಗು ಕೊರೆಯುವ ಹುಳುವಿಗೆಂದೇ ಅವಳು ಪ್ರಯೋಗಾಲಯದಲ್ಲಿ ತಯಾರಿಸಿದ ಹೊಸ ವಿಷ. ಹುಳುವಿನ ಹೊಟ್ಟೆಯ ಕ್ಷಾರದಲ್ಲಿ ಅದು ಕರುಳು ತೂತು ಮಾಡುತ್ತದೆ, ನಮ್ಮ ಹೊಟ್ಟೆಯ ಆಮ್ಲದಲ್ಲಿ ಹಾಳಾಗಿಹೋಗುತ್ತದೆ. ಇದನ್ನೇ ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು. ಊರು ಒಪ್ಪಿದರೆ ತೋಪುಗಳಿಗೆ ಸಿಂಪಡಣೆ, ಇಲ್ಲದಿದ್ದರೆ ಇಷ್ಟು ವರ್ಷದ ದುಡಿಮೆ ನೀರುಪಾಲು.

ಸ್ತಮಾತಿಸ್ ತನ್ನ ಊಜೋ ಸಾರಾಯಿಗೆ ನೀರು ಬೆರೆಸಿದ. ಅದೂ ಹಾಲಿನಂತೆ ಬೆಳ್ಳಗಾಯಿತು. ಗ್ಲಾಸನ್ನು ಅವಳ ಮುಂದೆಯೇ ಕುಕ್ಕಿ, "ಯಾಕೆ, ನಿಂಗೇ ಅನುಮಾನಾನಾ?" ಎಂದ.

ಅನುಮಾನವಿದ್ದುದು ನಿಜ. ಇಲಿಗಳು ಕುಡಿದಿದ್ದವು. ಮನುಷ್ಯರು ಯಾರೂ ಇನ್ನೂ ಕುಡಿದಿರಲಿಲ್ಲ.

ಅಷ್ಟರಲ್ಲಿ ಅವಳ ಅಪ್ಪ ಅರ್ಗೀರಿಸ್ ಇಸ್ಪೀಟಿನ ಮೇಜಿನಿಂದ ಎದ್ದು ಬಂದು, ಅವಳ ಭುಜದ ಮೇಲಿಂದ ಕೈ ಚಾಚಿ ಗ್ಲಾಸೆತ್ತಿದ. "ಇವಳ ಅಡುಗೇನೇ ಅರಗಿಸಿಕೊಂಡೋನು ನಾನು. ಎಲ್ಲರ ಆರೋಗ್ಯಕ್ಕೆ."

ಒಂದೇ ಗುಟುಕು. ಅವನ ಹುಬ್ಬು ಮೇಲೇರಿತು. ಬಾಯಿ ಒರೆಸಿಕೊಂಡು ಅವಳ ಪಕ್ಕದಲ್ಲೇ ಕುಳಿತ.

ಜನ ನಕ್ಕರು. ತಬ್ಬಿಬ್ಬಾದ ಸ್ತಮಾತಿಸ್ ಕೂಡ ಮೇಜಿನ ಮೇಲೆ ಉಳಿದಿದ್ದ ಗ್ಲಾಸು ಬರಿದು ಮಾಡಿ ಮುಖ ಹಿಂಡಿದ. "ಇದೆಂಥಾ ಬೆರಕೆ ಮಾಲು ಕೊಡ್ತೀಯೋ, ಫೋತಿಸ್?"

"ಸಾಲ ಹೇಳಿ ಕುಡಿಯೋನಿಗೆ ರುಚಿ ಬೇರೆ ಕೇಡು," ಎಂದ ಅಂಗಡಿಯ ಫೋತಿಸ್.

ಥೆಕ್ಲಾ ನಗಲಿಲ್ಲ. ಅವಳಿಗೆ ತಟ್ಟನೆ ಏನೋ ನೆನಪಾಗಿತ್ತು.

"ಅಪ್ಪಾ, ಹೊಟ್ಟೆ ಹುಣ್ಣಿನ ಮಾತ್ರೆ ತಗೊಂಡ್ಯಾ ಇವತ್ತು?"

"ತಪ್ಪಿಸ್ತೀನಾ? ಬೆಳಿಗ್ಗೇನೇ."

ಆ ಮಾತ್ರೆ ಇರುವುದೇ ಹೊಟ್ಟೆಯ ಆಮ್ಲ ತಗ್ಗಿಸಲು. ಆಮ್ಲವಿಲ್ಲದ ಹೊಟ್ಟೆಯಲ್ಲಿ, ಹುಣ್ಣಾದ ಕರುಳಲ್ಲಿ, ಆ ವಿಷ ಏನು ಮಾಡುತ್ತದೆ ಎಂದು ಯಾರೂ ಪರೀಕ್ಷಿಸಿರಲಿಲ್ಲ, ಅವಳೂ ಕೂಡ. ಈಗ ಬಾಯಿಬಿಟ್ಟರೆ ಈ ಊರಲ್ಲಷ್ಟೇ ಅಲ್ಲ, ಯಾವ ಊರಲ್ಲೂ ಅವಳ ಮದ್ದನ್ನು ಒಳಗೆ ಬಿಡುವುದಿಲ್ಲ. ಅಪ್ಪನ ಹಣೆಯ ಮೇಲೆ ಬೆವರು ಕಂಡಿತು. ಸೆಕೆಗೋ, ಇನ್ಯಾತಕ್ಕೋ. ಅವಳಿಗೆ ಅಳು ಬಂತು.

"ಡಾಕ್ಟರನ್ನ ಕರೀರಿ," ಎಂದಳು ಎದ್ದು ನಿಂತು. "ಅಪ್ಪನ ಹೊಟ್ಟೇಲಿ ಆಮ್ಲ ಇಲ್ಲ. ಏನಾಗುತ್ತೋ ನನಗೆ ಗೊತ್ತಿಲ್ಲ."

ಸ್ತಮಾತಿಸ್ ಕುರ್ಚಿ ಒದ್ದು ಎದ್ದ. ಹಂಗಿಸಲಿಲ್ಲ, ನಾನು ಹೇಳಿರಲಿಲ್ಲವೇ ಎನ್ನಲೂ ಇಲ್ಲ. "ಸತ್ತುಗಿತ್ತೀಯ ಕಣೋ ಅರ್ಗೀರಿಸ್, ಬಂದೆ ಇರು," ಎಂದವನೇ ಡಾಕ್ಟರ ಮನೆಯ ಕಡೆಗೆ ಏರುದಾರಿ ಹಿಡಿದು ಓಡಿದ.

ಥೆಕ್ಲಾ ಅಪ್ಪನ ನಾಡಿ ಹಿಡಿದಳು. ಅವನು ಅವಳ ಕಿವಿ ಹತ್ತಿರಕ್ಕೆಳೆದುಕೊಂಡ.

"ಅಳಬೇಡ ಮಗಾ. ನಾನು ಎತ್ತಿದ್ದು ಸ್ತಮಾತಿಸನ ಊಜೋ. ನಿನ್ನ ಮದ್ದು, ಅಗೋ ನೋಡು, ಗುಡ್ಡ ಹತ್ತಿ ಓಡ್ತಾ ಇದೆ."