ದೃಷ್ಟಿಬೊಟ್ಟಿನ ಜಾಗ

ಬಿಸಿಲು ಬಟ್ಟೆಯನ್ನೂ ತೂರಿ ಸುಡತೊಡಗಿದ ಮೇಲೆ ಊರಿಗೆ ಊರೇ ಹಳೆಯ ಚಿನ್ನದ ಗಣಿಗೆ ಇಳಿದಿತ್ತು. ಕೆಳಗೆ ಗಾಳಿ ಸಾಲದೆ ಕೂಸುಗಳು ಬಹಳ ದಿನ ಬಾಳುತ್ತಿರಲಿಲ್ಲ. ಹಾಗಾಗಿ ಹುಟ್ಟಿದ ಕೂಡಲೇ ಅವನ್ನು ನೇರಳೆ ದೀಪದಡಿ ಮಲಗಿಸುತ್ತಿದ್ದರು. ಆ ಬೆಳಕಿಗೆ ಚರ್ಮದ ಬಣ್ಣದ ಕೋಶಗಳೊಳಗಿನ ಪ್ರೋಟೀನು ಎಚ್ಚೆತ್ತು, ಬಿಸಿಲನ್ನು ತಡೆಯುವ ಕಡುಗಪ್ಪು ಮೈತುಂಬ ಹರಡುತ್ತಿತ್ತು. ಆ ಪ್ರೋಟೀನು ಏಳುವುದು ಒಂದೇ ಸಲ, ಅದೂ ಹುಟ್ಟಿದ ಹೊಸತರಲ್ಲಿ. ಕಪ್ಪಾದ ಕೂಸುಗಳನ್ನು ಲಿಫ್ಟಿನಲ್ಲಿ ಮೇಲಕ್ಕೆ, ಹಿಂದೆ ಹೀಗೇ ಕಪ್ಪಾಗಿ ಮೇಲೆ ಹೋಗಿ ಬೆಳೆದವರ ಮಡಿಲಿಗೆ ಕಳಿಸುತ್ತಿದ್ದರು.

ದೀಪ ಆರಿಸಿ ದ್ಯಾಮವ್ವನ ಮಗಳ ಮುಖ ಒರೆಸಿದ ನರ್ಸ್ ಶಂಕ್ರಮ್ಮ ಹಾಗೇ ನಿಂತುಬಿಟ್ಟಳು. ಕಾಡಿಗೆ ಅಳಿಸಿದ ಕೆನ್ನೆಯ ಮೇಲೆ ಬೆಳ್ಳಗೆ ಒಂದು ಚುಕ್ಕೆ ಉಳಿದಿತ್ತು.

“ದೃಷ್ಟಿಬೊಟ್ಟು ಇಟ್ಟು ಮಲಗಿಸಿದ್ದಿ ಏನವ್ವಾ? ಅದರ ಕೆಳಗ ಬೆಳಕ ಇಳಿದಿಲ್ಲ ನೋಡು.”

“ಕೂಸು ಭಾಳ ಚೆಂದ ಇತ್ತರೀ,” ದ್ಯಾಮವ್ವ ಶಂಕ್ರಮ್ಮನ ಕೈ ಹಿಡಿದಳು. “ಇನ್ನೊಮ್ಮೆ ದೀಪ ಹಚ್ಚರೀ, ಕಾಲಿಗೆ ಬೀಳ್ತೀನಿ.”

“ಹಚ್ಚಿದರ ಏನ ಬಂತು? ಚರ್ಮದಾಗಿನ ಕಪ್ಪು ಇನ್ನ ಏಳೂದಿಲ್ಲ. ಬಿಸಿಲು ಒಳಗ ಹೋಗಾಕ ಅಷ್ಟ ಬಿಳಿ ಸಾಕು.”

ಉಳಿದ ಕೂಸುಗಳನ್ನು ಹೊತ್ತು ಲಿಫ್ಟು ಮೇಲೇರಿತು. ಅದರ ಸದ್ದು ಅಡಗುವ ತನಕ ದ್ಯಾಮವ್ವ ಮಗಳನ್ನು ಎದೆಗವಚಿಕೊಂಡು ಕೂತಳು. ಆಮೇಲೆ ಸೆರಗಿನ ಗಂಟಿನಿಂದ ಕಾಡಿಗೆಯ ಡಬ್ಬಿ ತೆಗೆದು ಆ ಚುಕ್ಕೆಯ ಮೇಲೆ ಮತ್ತೆ ಬೊಟ್ಟಿಟ್ಟಳು. ಈಗ ಕೂಸಿನ ಮುಖದಲ್ಲಿ ಏನೂ ಕೊರತೆ ಕಾಣಲಿಲ್ಲ.